ಲಿಮಕ್ಸ್: ಮ್ಯೂನಿಕ್ ಪಾಲಿಕೆಯ ಹದಿನಾಲ್ಕು ವರ್ಷ

2003ರ ಮೇ 28ರಂದು ಜರ್ಮನಿಯ ಮ್ಯೂನಿಕ್ ನಗರಪಾಲಿಕೆಯ ಸಭೆಯು, ತನ್ನ ಕಚೇರಿಗಳಲ್ಲಿದ್ದ ಸುಮಾರು 14,000 ಕಂಪ್ಯೂಟರುಗಳಲ್ಲಿ ಮೈಕ್ರೋಸಾಫ್ಟ್ ಕಂಪನಿಯ ವಿಂಡೋಸ್ ಬದಲು ಲಿನಕ್ಸ್ ಬಳಸಬೇಕೆಂದು ನಿರ್ಣಯಿಸಿತು. ಕಂಪ್ಯೂಟರಿನ ಯಂತ್ರಭಾಗಕ್ಕೂ ಅದರ ಮೇಲೆ ಪತ್ರ ಬರೆಯಲು, ಲೆಕ್ಕ ಇಡಲು ಬಳಸುವ ತಂತ್ರಾಂಶಗಳಿಗೂ ನಡುವೆ ನಿಂತು ಎಲ್ಲವನ್ನೂ ನಡೆಸುವ ಮೂಲ ತಂತ್ರಾಂಶಕ್ಕೆ ಕಾರ್ಯಾಚರಣ ವ್ಯವಸ್ಥೆ ಎಂದು ಹೆಸರು. ವಿಂಡೋಸ್ ಮತ್ತು ಲಿನಕ್ಸ್ ಎರಡೂ ಇಂಥ ವ್ಯವಸ್ಥೆಗಳೇ. ಅವುಗಳ ಮುಖ್ಯ ವ್ಯತ್ಯಾಸ ಇರುವುದು ಒಡೆತನದಲ್ಲಿ. ವಿಂಡೋಸಿನ ಆಕರ ಸಂಕೇತ, ಅಂದರೆ ಅದನ್ನು ರಚಿಸಿದವರು ಬರೆದ ಮೂಲ ಪಠ್ಯ, ಕಂಪನಿಯ ಸ್ವತ್ತಾಗಿದ್ದು, ಕೊಂಡವರಿಗೆ ಅದನ್ನು ಬಳಸುವ ಪರವಾನಗಿಯಷ್ಟೇ ಸಿಗುತ್ತದೆ. ಫಿನ್ಲೆಂಡಿನ ವಿದ್ಯಾರ್ಥಿ ಲೀನಸ್ ಟೊರ್ವಾಲ್ಡ್ಸ್ 1991ರಲ್ಲಿ ಆರಂಭಿಸಿದ ಲಿನಕ್ಸ್‌ನ ಆಕರ ಸಂಕೇತವನ್ನಾದರೋ ಯಾರು ಬೇಕಾದರೂ ಓದಬಹುದು, ತಿದ್ದಬಹುದು, ತಿದ್ದಿದ್ದನ್ನು ಹಂಚಬಹುದು. ಅಮೆರಿಕದ ರಿಚರ್ಡ್ ಸ್ಟಾಲ್ಮನ್ 1983ರಲ್ಲಿ ಘೋಷಿಸಿದ ಗ್ನೂ ಯೋಜನೆಯ ಪರವಾನಗಿ ಈ ಹಕ್ಕನ್ನು ಕಾನೂನಿನ ರೂಪದಲ್ಲಿ ಕಾಯುತ್ತದೆ. ಒಂದು ದೊಡ್ಡ ನಗರದ ಆಡಳಿತವು ತನ್ನ ದಿನನಿತ್ಯದ ಕೆಲಸವನ್ನೆಲ್ಲ ಇಂಥ ಮುಕ್ತ ತಂತ್ರಾಂಶದ ಮೇಲೆ ನಡೆಸಲು ಹೊರಟಿದ್ದು ಆ ಕಾಲಕ್ಕೆ ಹೊಸ ಸಂಗತಿ. ಹದಿನಾಲ್ಕು ವರ್ಷಗಳ ನಂತರ ಅದೇ ಪಾಲಿಕೆ ಅದೇ ಸಭಾಂಗಣದಲ್ಲಿ ವಿಂಡೋಸಿಗೆ ಮರಳುವ ನಿರ್ಣಯವನ್ನೂ ಕೈಗೊಂಡಿತು. ಈ ಎರಡು ನಿರ್ಣಯಗಳ ನಡುವಣ ಅವಧಿಯಲ್ಲಿ ಪಾಲಿಕೆಯ ಕಚೇರಿಗಳಲ್ಲಿ ನಡೆದ ಕೆಲಸವನ್ನು ಹತ್ತಿರದಿಂದ ನೋಡಿದರೆ, ಒಂದು ಆಡಳಿತವನ್ನು ಒಂದು ಕಂಪನಿಗೆ ಕಟ್ಟಿಹಾಕುವುದು ಕಾರ್ಯಾಚರಣ ವ್ಯವಸ್ಥೆಗಿಂತ ಹೆಚ್ಚಾಗಿ ಅದರ ಮೇಲೆ ವರ್ಷಾನುಗಟ್ಟಲೆ ಬೆಳೆದುಬಂದ ಕಡತಗಳೂ ನಮೂನೆಗಳೂ ರೂಢಿಗಳೂ ಎಂಬುದು ತಿಳಿಯುತ್ತದೆ.

ನಿರ್ಣಯದ ಹಿನ್ನೆಲೆಯಲ್ಲಿದ್ದುದು ಸರಳವಾದ ಒಂದು ಒತ್ತಡ. ಪಾಲಿಕೆಯ ಕಂಪ್ಯೂಟರುಗಳು 1996ರಲ್ಲಿ ಬಿಡುಗಡೆಯಾದ ವಿಂಡೋಸ್ ಎನ್‌ಟಿ 4.0 ಮೇಲೆ ನಡೆಯುತ್ತಿದ್ದವು. ಅದಕ್ಕೆ ನೀಡುತ್ತಿದ್ದ ಬೆಂಬಲವನ್ನು, ಎಂದರೆ ದೋಷಗಳನ್ನು ಸರಿಪಡಿಸಿ ಸುರಕ್ಷೆಯ ತಿದ್ದುಪಡಿಗಳನ್ನು ಕಳಿಸುವ ಸೇವೆಯನ್ನು, ನಿಲ್ಲಿಸಲು ಮೈಕ್ರೋಸಾಫ್ಟ್ ತೀರ್ಮಾನಿಸಿತ್ತು. ಚೆನ್ನಾಗಿ ನಡೆಯುತ್ತಿದ್ದ ವ್ಯವಸ್ಥೆಯನ್ನು, ಕೆಟ್ಟಿದೆ ಎಂಬ ಕಾರಣಕ್ಕಲ್ಲದೆ ಮಾರಿದವರು ಕೈಬಿಡುತ್ತಾರೆ ಎಂಬ ಕಾರಣಕ್ಕೆ ಬದಲಿಸಬೇಕಾಗಿ ಬಂದಾಗ, ಮುಂದೇನು ಕೊಳ್ಳಬೇಕು ಎಂಬುದರ ಜೊತೆಗೆ ಮುಂದಿನ ಸಲವೂ ಹೀಗೆಯೇ ಆದರೆ ಏನು ಗತಿ ಎಂಬ ಪ್ರಶ್ನೆಯೂ ಎದ್ದಿತು. ಪಾಲಿಕೆಯು ಯುನಿಲಾಗ್ ಎಂಬ ಸಲಹಾ ಸಂಸ್ಥೆಯಿಂದ ಎರಡೂ ದಾರಿಗಳ ತುಲನೆ ಮಾಡಿಸಿತು. ಖರ್ಚನ್ನಷ್ಟೇ ನೋಡಿದರೆ ವಿಂಡೋಸಿನ ಹೊಸ ಆವೃತ್ತಿಗೆ ಹೋಗುವುದು ಅಗ್ಗವಾಗಿ ಕಂಡಿತು. ದೀರ್ಘಕಾಲದ ಸ್ವಾತಂತ್ರ್ಯವನ್ನೂ ಅಳೆದಾಗ ಲಿನಕ್ಸ್‌ನ ತಟ್ಟೆ ಕೆಳಗೆ ತೂಗಿತು. 1993ರಿಂದ ಮೇಯರ್ ಆಗಿದ್ದ, ಸೋಶಿಯಲ್ ಡೆಮಾಕ್ರಟಿಕ್ ಪಕ್ಷದ ಕ್ರಿಸ್ಟಿಯಾನ್ ಊಡೆ ಮತ್ತು ಅವರೊಡನೆ ಅಧಿಕಾರ ಹಂಚಿಕೊಂಡಿದ್ದ ಹಸಿರು ಪಕ್ಷದವರು ಈ ಎರಡನೆಯ ಲೆಕ್ಕಕ್ಕೆ ಮಹತ್ವ ಕೊಟ್ಟರು.

ಮೈಕ್ರೋಸಾಫ್ಟ್ ಇದನ್ನು ಲಘುವಾಗಿ ತೆಗೆದುಕೊಳ್ಳಲಿಲ್ಲ. 2003ರ ಮಾರ್ಚಿನಲ್ಲಿ ಕಂಪನಿಯ ಮುಖ್ಯಸ್ಥ ಸ್ಟೀವ್ ಬಾಲ್ಮರ್ ಸ್ವಿಟ್ಜರ್ಲೆಂಡಿನಲ್ಲಿ ಕಳೆಯುತ್ತಿದ್ದ ರಜೆಯನ್ನು ಮೊಟಕುಗೊಳಿಸಿ ಮೇಯರರನ್ನು ಕಾಣಲು ಮ್ಯೂನಿಕ್‌ಗೆ ಬಂದರು. ಕಂಪನಿಯು ತಾನು ಮೊದಲು ಹೇಳಿದ್ದ ಬೆಲೆಯನ್ನು ಸುಮಾರು ಮೂರನೆಯ ಒಂದು ಭಾಗದಷ್ಟು ಇಳಿಸಿತೆಂದು ಆಗಿನ ಪತ್ರಿಕೆಗಳು ವರದಿ ಮಾಡಿದವು. ಆದರೂ ಪಾಲಿಕೆ ಹೆಚ್ಚು ಖರ್ಚಿನದೆಂದು ತೋರಿದ ದಾರಿಯನ್ನೇ ಆರಿಸಿಕೊಂಡಿತು. ಅಗ್ಗವೆಂಬ ಕಾರಣಕ್ಕೆ ಲಿನಕ್ಸ್‌ಗೆ ಹೋದರೆಂಬ ಮಾತು ಮುಂದೆ ಮತ್ತೆ ಮತ್ತೆ ಕೇಳಿಬಂದಿದ್ದರಿಂದ ಈ ಸಂಗತಿಯನ್ನು ನೆನಪಿನಲ್ಲಿಡಬೇಕು: ಮ್ಯೂನಿಕ್ ಉಳಿತಾಯವನ್ನು ಮೊದಲ ಗುರಿಯಾಗಿ ಇಟ್ಟುಕೊಂಡಿರಲಿಲ್ಲ. ಮುಂದೊಮ್ಮೆ ಮೈಕ್ರೋಸಾಫ್ಟ್ ಸ್ಥಾಪಕರಲ್ಲೊಬ್ಬರಾದ ಬಿಲ್ ಗೇಟ್ಸ್ ಈ ಬದಲಾವಣೆಯ ಕಾರಣ ಕೇಳಿದಾಗಲೂ ತಾವು ಸ್ವಾವಲಂಬನೆಯ ಮಾತನ್ನೇ ಆಡಿದ್ದಾಗಿ ಊಡೆ ಸ್ಮರಿಸಿಕೊಂಡಿದ್ದಾರೆ.

ಜರ್ಮನಿಯ ನೆಲದಲ್ಲಿ ಈ ನಿರ್ಣಯಕ್ಕೆ ಬೇರುಗಳೂ ಇದ್ದವು. ಲಿನಕ್ಸ್‌ನ ಹಳೆಯ ಹಾಗೂ ಪ್ರಬಲ ವಿತರಣೆಗಳಲ್ಲೊಂದಾದ ಸೂಸೆ, ಮ್ಯೂನಿಕ್ ಇರುವ ಬವೇರಿಯಾ ರಾಜ್ಯದ್ದೇ ಆದ ನ್ಯೂರೆಂಬರ್ಗಿನದು. ವಿತರಣೆ ಎಂದರೆ ಲಿನಕ್ಸ್‌ನ ತಿರುಳಿಗೆ ಬೇಕಾದ ಉಳಿದ ತಂತ್ರಾಂಶಗಳನ್ನು ಸೇರಿಸಿ, ಬಳಕೆಗೆ ಸಿದ್ಧವಾಗಿ ಕಟ್ಟಿಕೊಟ್ಟ ಗಂಟು. ಲಿನಕ್ಸ್‌ಗೆ ಕಿಟಕಿಗಳೂ ಚಿತ್ರಸೂಚಿಗಳೂ ಇರುವ ಸುಲಭದ ಮುಖವನ್ನು ಕೊಟ್ಟ ಕೆಡಿಇ ಯೋಜನೆಯನ್ನು 1996ರಲ್ಲಿ ಆರಂಭಿಸಿದವನು ಟ್ಯೂಬಿಂಗನ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ಮಥಿಯಾಸ್ ಎಟ್ರಿಚ್. ಪತ್ರ, ಕೋಷ್ಟಕಗಳನ್ನು ಸಿದ್ಧಪಡಿಸುವ ಓಪನ್ ಆಫೀಸ್ ಕೂಡ ಸ್ಟಾರ್ ಡಿವಿಷನ್ ಎಂಬ ಜರ್ಮನ್ ಕಂಪನಿಯ ಸ್ಟಾರ್ ಆಫೀಸ್‌ನಿಂದ ಬಂದದ್ದು. ಅಮೆರಿಕದ ಸನ್ ಕಂಪನಿ 1999ರಲ್ಲಿ ಅದನ್ನು ಕೊಂಡು ಮರುವರ್ಷ ಆಕರ ಸಂಕೇತವನ್ನು ಬಹಿರಂಗಗೊಳಿಸಿತು. ಅಂದರೆ ಮ್ಯೂನಿಕ್ ಪರವಾನಗಿಗೆ ಖರ್ಚು ಮಾಡುತ್ತಿದ್ದ ಹಣವನ್ನು ಸ್ಥಳೀಯ ತಂತ್ರಜ್ಞರ ದುಡಿಮೆಗೆ ತಿರುಗಿಸುವುದು ಬರಿಯ ಆದರ್ಶದ ಮಾತಾಗಿರದೆ, ಕೈಗೆಟುಕುವ ಸಾಧ್ಯತೆಯಾಗಿತ್ತು.

ಒಂದು ವರ್ಷದ ಪೂರ್ವಸಿದ್ಧತೆಯ ಅಧ್ಯಯನದ ಬಳಿಕ, 2004ರ ಜೂನ್ 16ರಂದು ಪಾಲಿಕೆ ಸಭೆ ಯೋಜನೆಯನ್ನು ಅಂತಿಮವಾಗಿ ಒಪ್ಪಿತು. ಲಿನಕ್ಸ್ ಮತ್ತು ನಗರದ ಜರ್ಮನ್ ಹೆಸರಾದ ಮ್ಯುನ್ಷೆನ್ ಎರಡನ್ನೂ ಬೆಸೆದು ಯೋಜನೆಗೆ ಲಿಮಕ್ಸ್ ಎಂದು ಹೆಸರಿಟ್ಟರು. ಆದರೆ ಎರಡೇ ತಿಂಗಳಲ್ಲಿ ಟೆಂಡರ್ ಪ್ರಕ್ರಿಯೆ ತಡೆಹಿಡಿಯಲ್ಪಟ್ಟಿತು. ಆಗ ಐರೋಪ್ಯ ಒಕ್ಕೂಟದಲ್ಲಿ ತಂತ್ರಾಂಶಗಳಿಗೂ ಪೇಟೆಂಟ್ ಕೊಡುವ ಕಾನೂನಿನ ಪ್ರಸ್ತಾಪವಿತ್ತು. ಅದು ಜಾರಿಗೆ ಬಂದರೆ ಲಿನಕ್ಸ್ ಬಳಸುವ ಪಾಲಿಕೆಯ ಮೇಲೆ ಮೊಕದ್ದಮೆಗಳು ಬೀಳಬಹುದೆಂಬ ಅನುಮಾನವನ್ನು ಎತ್ತಿದವರು ಯೋಜನೆಯನ್ನು ಬೆಂಬಲಿಸುತ್ತಿದ್ದ ಹಸಿರು ಪಕ್ಷದವರೇ. ಆ ಕಾನೂನಿನ ಅಪಾಯವನ್ನು ಜಗತ್ತಿಗೆ ತೋರಿಸುವುದು ಅವರ ಉದ್ದೇಶವಾಗಿತ್ತು. ಕಾನೂನು ಪರಿಶೀಲನೆಯ ನಂತರ ಕೆಲಸ ಮತ್ತೆ ಆರಂಭವಾಯಿತು. ಐರೋಪ್ಯ ಸಂಸತ್ತು 2005ರ ಜುಲೈನಲ್ಲಿ ಆ ಪ್ರಸ್ತಾಪವನ್ನೇ ತಿರಸ್ಕರಿಸಿತು. 2005ರ ಏಪ್ರಿಲ್‌ನಲ್ಲಿ ಗುತ್ತಿಗೆ ದಕ್ಕಿದ್ದು ಎಲ್ಲರೂ ನಿರೀಕ್ಷಿಸಿದ್ದ ಐಬಿಎಂ ಮತ್ತು ಸೂಸೆಗಳಿಗಲ್ಲ, ಸಾಫ್ಟ್‌ಕಾನ್ ಮತ್ತು ಗೊನಿಕಸ್ ಎಂಬ ಎರಡು ಚಿಕ್ಕ ಜರ್ಮನ್ ಕಂಪನಿಗಳಿಗೆ. ಅವು ಯಾವ ಕಂಪನಿಯ ಒಡೆತನಕ್ಕೂ ಸೇರದೆ ಸ್ವಯಂಸೇವಕರ ಸಮುದಾಯವೊಂದು ನಡೆಸುವ ಡೆಬಿಯನ್ ವಿತರಣೆಯನ್ನು ಬುನಾದಿಯಾಗಿ ಆರಿಸಿಕೊಂಡವು. ಒಬ್ಬ ಒಡೆಯನಿಂದ ಬಿಡಿಸಿಕೊಂಡು ಇನ್ನೊಬ್ಬನ ಕೈಗೆ ಹೋಗಬಾರದೆಂಬ ಎಚ್ಚರ ಈ ಆಯ್ಕೆಯಲ್ಲಿ ಕಾಣುತ್ತದೆ. ಮುಂದೆ ಅದರ ಬದಲು, ಡೆಬಿಯನ್‌ನಿಂದಲೇ ಹುಟ್ಟಿದ ಉಬುಂಟು ಬುನಾದಿಯಾಯಿತು.

2006ರ ಸೆಪ್ಟೆಂಬರಿನಲ್ಲಿ ಮೊದಲ ಮೇಜುಗಳಿಗೆ ಲಿಮಕ್ಸ್ ಬಂದಾಗ, ನಿಜವಾದ ತೊಡಕು ಎಲ್ಲಿದೆ ಎಂಬುದು ತಂತ್ರಜ್ಞರಿಗೆ ಆಗಲೇ ತಿಳಿದಿತ್ತು. ಪಾಲಿಕೆಯಲ್ಲಿ ಮಾಹಿತಿ ತಂತ್ರಜ್ಞಾನದ ಕೆಲಸ ಒಂದೇ ಕಡೆ ನಡೆಯುತ್ತಿರಲಿಲ್ಲ. ಇಪ್ಪತ್ತಕ್ಕೂ ಹೆಚ್ಚು ಘಟಕಗಳು ತಮ್ಮ ತಮ್ಮ ಇಲಾಖೆಗಳಲ್ಲಿ ತಮಗೆ ತೋಚಿದ ರೀತಿಯಲ್ಲಿ ಕಂಪ್ಯೂಟರುಗಳನ್ನು ನಡೆಸಿಕೊಂಡು ಬಂದಿದ್ದವು. ಒಂದು ಇಲಾಖೆಯ ಅರ್ಜಿ ನಮೂನೆ ಇನ್ನೊಂದರ ನಮೂನೆಗೆ ಹೊಂದುತ್ತಿರಲಿಲ್ಲ. ಮೈಕ್ರೋಸಾಫ್ಟ್ ವರ್ಡ್‌ನಲ್ಲಿ ಸಿದ್ಧಪಡಿಸಿದ ಸಾವಿರಾರು ನಮೂನೆಗಳಿದ್ದವು. ಅವುಗಳ ಒಳಗೆ ಮ್ಯಾಕ್ರೊಗಳಿದ್ದವು. ಮ್ಯಾಕ್ರೊ ಎಂದರೆ ಗುಮಾಸ್ತರು ದಿನವೂ ಮಾಡುವ ಒಂದೇ ಬಗೆಯ ಕೆಲಸವನ್ನು ತಾನಾಗಿ ಮಾಡುವಂತೆ ಕಡತದೊಳಗೇ ಬರೆದಿಟ್ಟ ಚಿಕ್ಕ ಆಜ್ಞಾಸರಣಿ. ಅವನ್ನು ಯಾರು ಯಾವಾಗ ಬರೆದರೆಂಬುದಕ್ಕೆ ಅನೇಕ ಕಡೆ ದಾಖಲೆ ಇರಲಿಲ್ಲ, ಮತ್ತು ಅವು ವರ್ಡ್ ಹೊರತು ಬೇರೆಡೆ ನಡೆಯುತ್ತಿರಲಿಲ್ಲ.

ಈ ಗಂಟನ್ನು ಬಿಡಿಸಲು ಪಾಲಿಕೆಯ ತಂತ್ರಜ್ಞರು ತಾವೇ ರಚಿಸಿದ ವೊಲ್‌ಮಕ್ಸ್ ಎಂಬ ತಂತ್ರಾಂಶ, ಲಿಮಕ್ಸ್ ಚರಿತ್ರೆಯ ಅತ್ಯಂತ ಬೆಲೆಯುಳ್ಳ ಭಾಗವೆಂದರೆ ತಪ್ಪಾಗದು. ಜರ್ಮನ್ ಸರ್ಕಾರಿ ಕಚೇರಿಗಳಲ್ಲಿ ಪತ್ರ ಬರೆಯುವ ಕ್ರಮ ತುಂಬ ಹಳೆಯದು. ಅಧಿಕಾರಿಯು ಒಂದೇ ಕರಡಿನಲ್ಲಿ ಅಂಕೆ ಹಾಕಿದ ಆದೇಶಗಳನ್ನು ಬರೆಯುತ್ತಾನೆ: ಮೊದಲನೆಯ ಅಂಕೆಯಡಿ ಅರ್ಜಿದಾರನಿಗೆ ಹೋಗಬೇಕಾದ ಪತ್ರದ ಒಕ್ಕಣೆ, ಎರಡನೆಯದರಡಿ ಇನ್ನೊಂದು ಇಲಾಖೆಗೆ ಕಳಿಸಬೇಕಾದ ಪ್ರತಿ, ಅದರ ಕೆಳಗೆ ಇಂಥ ದಿನಾಂಕದಂದು ವಿಷಯವನ್ನು ಮತ್ತೆ ಮಂಡಿಸಬೇಕೆಂಬ ಸೂಚನೆ, ಕೊನೆಗೆ ಕಡತಕ್ಕೆ ಸೇರಿಸಬೇಕೆಂಬ ಆಜ್ಞೆ. ಕನ್ನಡನಾಡಿನ ಕಚೇರಿಗಳಲ್ಲಿ ಕಡತದ ಟಿಪ್ಪಣಿ ಹಾಳೆ ಮಾಡುವ ಕೆಲಸವನ್ನು ಅಲ್ಲಿ ಈ ಕರಡು ಮಾಡುತ್ತದೆ. ಮುದ್ರಿಸುವಾಗ ಅರ್ಜಿದಾರನಿಗೆ ಹೋಗುವ ಹಾಳೆಯಲ್ಲಿ ಒಳಗಿನ ಸೂಚನೆಗಳು ಕಾಣಬಾರದು, ಇಲಾಖೆಗೆ ಹೋಗುವ ಪ್ರತಿಯಲ್ಲಿ ಅದಕ್ಕೆ ಸಂಬಂಧಿಸಿದ್ದು ಇರಬೇಕು, ಕಡತದ ಪ್ರತಿಯಲ್ಲಿ ಎಲ್ಲವೂ ಇರಬೇಕು. ವೊಲ್‌ಮಕ್ಸ್ ಒಂದೇ ಕರಡಿನಿಂದ ಈ ಬೇರೆ ಬೇರೆ ಪ್ರತಿಗಳನ್ನು ತಾನೇ ವಿಂಗಡಿಸಿ ಮುದ್ರಿಸುತ್ತಿತ್ತು. ಪತ್ರದ ತಲೆಯಲ್ಲಿ ಇರಬೇಕಾದ ಅಧಿಕಾರಿಯ ಹೆಸರು, ಕೊಠಡಿ, ದೂರವಾಣಿ ಸಂಖ್ಯೆಗಳನ್ನು ಪಾಲಿಕೆಯ ನೌಕರರ ಪಟ್ಟಿಯಿಂದ ತಂದು ತುಂಬುತ್ತಿತ್ತು. ಸಿದ್ಧ ವಾಕ್ಯಗಳ ಭಂಡಾರದಿಂದ ಬೇಕಾದ್ದನ್ನು ಆರಿಸಲು, ಒಂದೇ ಪತ್ರವನ್ನು ನೂರಾರು ವಿಳಾಸಗಳಿಗೆ ಕಳಿಸಲು ಅನುವು ಮಾಡಿಕೊಡುತ್ತಿತ್ತು. 2008ರಲ್ಲಿ ಪಾಲಿಕೆ ಇದರ ಆಕರ ಸಂಕೇತವನ್ನು ಮುಕ್ತ ಪರವಾನಗಿಯಡಿ ಎಲ್ಲರಿಗೂ ಕೊಟ್ಟಿತು. ತೆರಿಗೆಯ ಹಣದಲ್ಲಿ ರಚಿಸಿದ್ದನ್ನು ಬೇರೆ ಊರಿನ ಆಡಳಿತವೂ ಬಿಡಿಗಾಸು ಕೊಡದೆ ಬಳಸಿಕೊಳ್ಳುವಂತೆ ಮಾಡಿದ ಈ ನಡೆಗೆ ಸಿಗಬೇಕಾದ ಗೌರವ ಇನ್ನೂ ಸಿಕ್ಕಿಲ್ಲ.

ತಂತ್ರಜ್ಞರು ಹಿಡಿದ ಅನುಕ್ರಮವೂ ವಿವೇಕದ್ದಾಗಿತ್ತು. ಅವರು ಮೊದಲು ಕಾರ್ಯಾಚರಣ ವ್ಯವಸ್ಥೆಗೆ ಕೈಹಾಕಲಿಲ್ಲ. ವಿಂಡೋಸ್ ಇರುವಂತೆಯೇ ಅದರ ಮೇಲೆ ಓಪನ್ ಆಫೀಸ್, ಜಾಲತಾಣಗಳನ್ನು ತೋರಿಸುವ ಬ್ರೌಸರ್ ಆದ ಫೈರ್‌ಫಾಕ್ಸ್, ಇಮೇಲಿಗಾಗಿ ಥಂಡರ್‌ಬರ್ಡ್ ಎಂಬ ಮುಕ್ತ ತಂತ್ರಾಂಶಗಳನ್ನು ಕೂರಿಸಿ, ನೌಕರರು ಅವುಗಳಿಗೆ ಒಗ್ಗಿದ ನಂತರವೇ ಅಡಿಯ ವ್ಯವಸ್ಥೆಯನ್ನು ಬದಲಿಸಿದರು. ಹೀಗಾಗಿ ಲಿಮಕ್ಸ್ ಬಂದ ದಿನ ನೌಕರನಿಗೆ ಪರದೆಯ ಮೇಲೆ ಪರಿಚಿತ ತಂತ್ರಾಂಶಗಳೇ ಕಾಣುತ್ತಿದ್ದವು. ವಿಂಡೋಸ್ ಹೊರತು ನಡೆಯದ ಕೆಲವು ವಿಶೇಷ ತಂತ್ರಾಂಶಗಳಿಗಾಗಿ ವಿಂಡೋಸ್ ಯಂತ್ರಗಳನ್ನು ಉಳಿಸಿಕೊಂಡರು, ಅಥವಾ ಒಂದು ಕಂಪ್ಯೂಟರಿನೊಳಗೆ ಇನ್ನೊಂದನ್ನು ಕೃತಕವಾಗಿ ನಡೆಸುವ ವಿಧಾನವನ್ನು ಬಳಸಿದರು. ಕಡತಗಳಿಗೆ ಒಡಿಎಫ್ ಎಂಬ ರೂಪವನ್ನು ಒಪ್ಪಿದರು. ಅದರ ವಿವರಗಳೆಲ್ಲ ಪ್ರಕಟವಾಗಿರುವುದರಿಂದ ಯಾವ ತಂತ್ರಾಂಶವಾದರೂ ಆ ಕಡತವನ್ನು ತೆರೆಯಬಹುದು, ಮತ್ತು 2006ರಲ್ಲಿ ಅದು ಅಂತರರಾಷ್ಟ್ರೀಯ ಮಾನಕವಾಯಿತು. ಕಡತದ ರೂಪ ಎಷ್ಟು ಬಿಗಿಯಾಗಿ ಕಟ್ಟಿಹಾಕಬಲ್ಲದೆಂಬುದನ್ನು ಕನ್ನಡಿಗರಿಗೆ ವಿವರಿಸಬೇಕಾಗಿಲ್ಲ: ನುಡಿ ತಂತ್ರಾಂಶದ ಹಳೆಯ ಆವೃತ್ತಿಗಳಲ್ಲಿ ಅಕ್ಷರಗಳು ಫಾಂಟಿಗೆ ತಕ್ಕ ಸಂಕೇತಗಳಲ್ಲಿ ಕೂಡಿಡಲ್ಪಡುತ್ತಿದ್ದುದರಿಂದ, ಅವುಗಳಲ್ಲಿ ಸಿದ್ಧವಾದ ಕರ್ನಾಟಕದ ಸರ್ಕಾರಿ ಕಡತಗಳು ಆ ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತಿದ್ದವು, ಮತ್ತು ನುಡಿ ವಿಂಡೋಸಿಗಾಗಿ ರಚಿತವಾಗಿದ್ದರಿಂದ ಲಿನಕ್ಸ್ ಬಳಸಬಯಸಿದ ಕಚೇರಿಗೆ ದಾರಿ ಕಷ್ಟವಾಗಿತ್ತು. ಜಗತ್ತಿನ ಎಲ್ಲ ಲಿಪಿಗಳಿಗೂ ಸಮಾನವಾದ ಯೂನಿಕೋಡ್ ಸಂಕೇತವನ್ನು ಕರ್ನಾಟಕ ಸರ್ಕಾರ 2012ರಲ್ಲಿ ಶಿಷ್ಟತೆಯಾಗಿ ಒಪ್ಪಿದ ಮೇಲೆಯೂ ಹಳೆಯ ಕಡತಗಳನ್ನು ಪರಿವರ್ತಿಸುವ ಕೆಲಸ ಉಳಿಯಿತು.

ಮ್ಯೂನಿಕ್‌ನಲ್ಲಿ ಕೆಲಸ ನಿಧಾನವಾಗಿ ಸಾಗಿತು. ಮೊದಲು ಹಾಕಿಕೊಂಡ ಅವಧಿ ಮೀರಿತು. ಇಪ್ಪತ್ತೆರಡು ಬಗೆಯ ಪದ್ಧತಿಗಳನ್ನು ಒಂದಾಗಿಸದೆ ಲಿನಕ್ಸ್ ಮುಂದೆ ಹೋಗದೆಂದು ತಿಳಿದಾಗ ಪಾಲಿಕೆ ವೇಗಕ್ಕಿಂತ ಗುಣಕ್ಕೆ ಒತ್ತು ಕೊಟ್ಟಿತು. 2012ರ ಕೊನೆಯಲ್ಲಿ ಪಾಲಿಕೆ ನೀಡಿದ ಲೆಕ್ಕದ ಪ್ರಕಾರ ಲಿಮಕ್ಸ್‌ಗೆ ಅಲ್ಲಿಯವರೆಗೆ ತಗುಲಿದ್ದು ಸುಮಾರು 2.3 ಕೋಟಿ ಯೂರೊ. ವಿಂಡೋಸಿನಲ್ಲೇ ಮುಂದುವರಿದಿದ್ದರೆ ಸುಮಾರು 3.4 ಕೋಟಿ ತಗುಲುತ್ತಿತ್ತು. ಮೈಕ್ರೋಸಾಫ್ಟ್ ತಾನು ಎಚ್‌ಪಿ ಕಂಪನಿಯಿಂದ ಮಾಡಿಸಿದ ಅಧ್ಯಯನವೊಂದನ್ನು ಮುಂದಿಟ್ಟು ಈ ಲೆಕ್ಕವನ್ನು ಪ್ರಶ್ನಿಸಿತು, ಪಾಲಿಕೆ ಆ ಅಧ್ಯಯನವನ್ನು ಒಪ್ಪಲಿಲ್ಲ. 2013ರ ಡಿಸೆಂಬರಿನಲ್ಲಿ ಯೋಜನೆ ಮುಗಿಯಿತೆಂದು ಘೋಷಿಸಿದಾಗ, ಪಾಲಿಕೆಯ ಸುಮಾರು 15,500 ಕಂಪ್ಯೂಟರುಗಳಲ್ಲಿ 14,800ಕ್ಕೂ ಹೆಚ್ಚಿನವು ಲಿಮಕ್ಸ್ ಮೇಲೆ ನಡೆಯುತ್ತಿದ್ದವು. ಯೋಜನೆಗೆ ಹಾಕಿಕೊಂಡಿದ್ದ ಗುರಿ 12,000. ವಿಂಡೋಸ್ ಎಕ್ಸ್‌ಪಿಗೆ ಬೆಂಬಲ 2014ರ ಏಪ್ರಿಲ್‌ನಲ್ಲಿ ನಿಲ್ಲಲಿದ್ದಾಗ, ಹಳೆಯ ಕಂಪ್ಯೂಟರು ಇಟ್ಟುಕೊಂಡ ನಾಗರಿಕರು ಹೊಸದನ್ನು ಕೊಳ್ಳಬೇಕಾಗಿ ಬಾರದಿರಲೆಂದು ಪಾಲಿಕೆಯು ಲುಬುಂಟು ಎಂಬ ಹಗುರವಾದ ಲಿನಕ್ಸ್ ವಿತರಣೆಯ 2,000 ಸಿ.ಡಿ.ಗಳನ್ನು ನಗರದ ಗ್ರಂಥಾಲಯದ ಮೂಲಕ ಉಚಿತವಾಗಿ ಹಂಚಲು ಮುಂದಾಯಿತು. ಹತ್ತು ವರ್ಷಗಳ ಹಿಂದೆ ಅದೇ ಬಗೆಯ ಒತ್ತಡಕ್ಕೆ ಸಿಕ್ಕಿದ್ದ ಆಡಳಿತ ಈಗ ತನ್ನ ಜನರಿಗೆ ನೆರವು ನೀಡುವ ಸ್ಥಿತಿಯಲ್ಲಿತ್ತು.

2014ರಲ್ಲಿ ಊಡೆ ನಿವೃತ್ತರಾಗಿ ಅದೇ ಪಕ್ಷದ ಡೀಟರ್ ರೈಟರ್ ಮೇಯರಾದರು. ಹಸಿರು ಪಕ್ಷದ ಬದಲು, ಲಿನಕ್ಸ್‌ನ ನಿರ್ಣಯವನ್ನು ಮೊದಲಿನಿಂದ ವಿರೋಧಿಸುತ್ತಿದ್ದ ಕ್ರಿಶ್ಚಿಯನ್ ಸೋಶಿಯಲ್ ಯೂನಿಯನ್ ಪಕ್ಷ ಮೈತ್ರಿಗೆ ಬಂತು. ತಮ್ಮ ಫೋನಿಗೆ ಕಚೇರಿಯ ಇಮೇಲ್ ಸಿಗಲು ವಾರಗಟ್ಟಲೆ ಕಾಯಬೇಕಾಯಿತೆಂಬುದು ಹೊಸ ಮೇಯರರ ದೂರುಗಳಲ್ಲೊಂದು. ನೌಕರರೂ ದೂರುತ್ತಿದ್ದಾರೆಂದು ಉಪಮೇಯರ್ ಹೇಳಿದರು. ದೂರುಗಳು ಹುಸಿಯಾಗಿರಲಿಲ್ಲ. ಹೊರಗಿನಿಂದ ಬಂದ ವರ್ಡ್ ಕಡತಗಳು ಕೆಲವೊಮ್ಮೆ ಅಸ್ತವ್ಯಸ್ತವಾಗಿ ತೆರೆದುಕೊಳ್ಳುತ್ತಿದ್ದವು, ಕೆಲವು ಕಡೆ ಹಳೆಯ ಆವೃತ್ತಿಗಳೇ ಉಳಿದಿದ್ದವು. ಆದರೆ ಫೋನಿನ ಇಮೇಲ್ ಸಮಸ್ಯೆ ಮೇಜಿನ ಮೇಲಿನ ಲಿನಕ್ಸ್‌ಗೆ ಸಂಬಂಧಿಸದೆ, ಇಮೇಲ್ ಸರ್ವರ್ ಮತ್ತು ಪಾಲಿಕೆಯ ಭದ್ರತಾ ನಿಯಮಗಳಿಗೆ ಸೇರಿದ್ದಾಗಿತ್ತು. ಎಲ್ಲ ತೊಂದರೆಗಳನ್ನೂ ಲಿಮಕ್ಸ್ ಎಂಬ ಒಂದೇ ಹೆಸರಿನಡಿ ಕೂಡಿಸುವ ಪರಿಪಾಠ ಆಗ ಬೆಳೆಯಿತು. ಪಾಲಿಕೆ ಅಕ್ಸೆಂಚರ್ ಕಂಪನಿಯಿಂದ ಮಾಡಿಸಿದ 2016ರ ಅಧ್ಯಯನ ಕೂಡ ಮುಖ್ಯ ದೋಷಗಳನ್ನು ಆಡಳಿತದ ಏರ್ಪಾಟಿನಲ್ಲಿ, ಯಾರು ಯಾವುದಕ್ಕೆ ಹೊಣೆ ಎಂಬುದರ ಅಸ್ಪಷ್ಟತೆಯಲ್ಲಿ ಕಂಡಿತು. ಅದೇ ಅಧ್ಯಯನ ವಿಂಡೋಸ್ ಬಳಸುವ ಅವಕಾಶವನ್ನೂ ಸೂಚಿಸಿತು. ಅಕ್ಸೆಂಚರ್ ಮತ್ತು ಮೈಕ್ರೋಸಾಫ್ಟ್ ಜಂಟಿಯಾಗಿ 2000ದಲ್ಲಿ ಅವನಾಡ್ ಎಂಬ ಕಂಪನಿಯನ್ನು ಸ್ಥಾಪಿಸಿದ್ದುದನ್ನು ಟೀಕಾಕಾರರು ಎತ್ತಿ ತೋರಿಸಿದರು. ಮೈಕ್ರೋಸಾಫ್ಟ್ ತನ್ನ ಜರ್ಮನ್ ಮುಖ್ಯ ಕಚೇರಿಯನ್ನು ಹೊರವಲಯದ ಊಂಟರ್‌ಶ್ಲೈಸ್‌ಹೈಮ್‌ನಿಂದ 2016ರಲ್ಲಿ ಮ್ಯೂನಿಕ್ ನಗರದೊಳಕ್ಕೇ ಸ್ಥಳಾಂತರಿಸಿದ್ದೂ ಚರ್ಚೆಗೆ ಬಂತು, ಆದರೆ ಅದಕ್ಕೂ ಪಾಲಿಕೆಯ ನಿರ್ಣಯಕ್ಕೂ ನಂಟಿತ್ತೆನ್ನಲು ಪುರಾವೆ ಮುಂದೆ ಬಂದಿಲ್ಲ.

2017ರ ಫೆಬ್ರವರಿ 15ರಂದು ವಿಂಡೋಸಿಗೆ ಮರಳುವ ಯೋಜನೆ ಸಿದ್ಧಪಡಿಸಲು, ನವೆಂಬರ್ 23ರಂದು ಅದನ್ನು ಜಾರಿಗೆ ತರಲು ಪಾಲಿಕೆ ಸಭೆ ಒಪ್ಪಿಗೆ ಕೊಟ್ಟಿತು. ಮೇಜಿನ ಮೇಲಿನ ಕಂಪ್ಯೂಟರುಗಳ ಬದಲಾವಣೆಗೆ ಮಾತ್ರ ಸುಮಾರು 5 ಕೋಟಿ ಯೂರೊ ಬೇಕೆಂದು ಅಂದಾಜಿಸಲಾಯಿತು. ಇದು ಲಿಮಕ್ಸ್‌ಗೆ ಹತ್ತು ವರ್ಷಗಳಲ್ಲಿ ತಗುಲಿದ್ದಕ್ಕಿಂತ ದುಪ್ಪಟ್ಟು. ಹೀಗಾಗಿ ಹಿಂದಿರುಗುವ ನಿರ್ಣಯವನ್ನೂ ಉಳಿತಾಯದ ಹೆಸರಿನಲ್ಲಿ ಸಮರ್ಥಿಸುವಂತಿರಲಿಲ್ಲ.

ಲಿನಕ್ಸ್‌ನ ದಾರಿ ಹಿಡಿದ ನೆರೆಯ ದೇಶಗಳ ಅನುಭವ ಮಿಶ್ರವಾಗಿದೆ. ಆಸ್ಟ್ರಿಯಾದ ವಿಯೆನ್ನಾ ನಗರ 2005ರಲ್ಲಿ ತನ್ನದೇ ಲಿನಕ್ಸ್ ವಿತರಣೆಯನ್ನು ಆರಂಭಿಸಿ, ಶಿಶುವಿಹಾರಗಳಲ್ಲಿ ಬಳಸಬೇಕಾದ ಭಾಷಾ ಕಲಿಕೆಯ ತಂತ್ರಾಂಶವೊಂದು ಮೈಕ್ರೋಸಾಫ್ಟ್‌ನ ಬ್ರೌಸರಿನಲ್ಲಿ ಮಾತ್ರ ನಡೆಯುತ್ತಿದ್ದುದರಿಂದ 2008ರಲ್ಲಿ ಅಲ್ಲಿನ ಕಂಪ್ಯೂಟರುಗಳನ್ನು ವಿಂಡೋಸಿಗೆ ಮರಳಿಸಿತು. ಅದೇ 2008ರಲ್ಲಿ ಉಬುಂಟುವಿನ ಕಡೆಗೆ ಹೊರಟ ಫ್ರಾನ್ಸಿನ ಜೆಂಡಾರ್ಮರಿ ಎಂಬ ಪೊಲೀಸ್ ಪಡೆ, ಆಫೀಸ್ ತಂತ್ರಾಂಶ ಮತ್ತು ಬ್ರೌಸರುಗಳನ್ನು ಮೊದಲೇ ಬದಲಿಸಿಕೊಂಡಿದ್ದರಿಂದಲೂ, ಆಜ್ಞೆ ಒಂದೇ ಕಡೆಯಿಂದ ಬರುವ ಸಂಸ್ಥೆಯಾದ್ದರಿಂದಲೂ, ಹತ್ತಾರು ಸಾವಿರ ಕಂಪ್ಯೂಟರುಗಳನ್ನು ಬದಲಿಸಿ ಇಂದಿಗೂ ಲಿನಕ್ಸ್ ಮೇಲೆಯೇ ನಡೆಯುತ್ತಿದೆ.

ಲಿಮಕ್ಸ್ ಸೋತ ಯೋಜನೆ ಎಂಬ ಮಾತು ಜರ್ಮನಿಯ ಹೊರಗೂ ವ್ಯಾಪಕವಾಗಿ ಹರಡಿದೆ. ಚರಿತ್ರೆಯ ಸಂಗತಿಗಳು ಅದಕ್ಕೆ ಹೊಂದುವುದಿಲ್ಲ: ಯೋಜನೆ ತನ್ನ ಗುರಿಯನ್ನು ಮೀರಿ ಪೂರ್ಣಗೊಂಡಿತ್ತು, ವರ್ಷಗಳ ಕಾಲ ಒಂದು ದೊಡ್ಡ ನಗರದ ಆಡಳಿತವನ್ನು ನಡೆಸಿತ್ತು, ಮತ್ತು ಅದನ್ನು ನಿಲ್ಲಿಸಿದ್ದು ತಾಂತ್ರಿಕ ಕುಸಿತವಲ್ಲ, ಬದಲಾದ ಬಹುಮತ. 2020ರ ಮೇ ತಿಂಗಳಲ್ಲಿ ಹಸಿರು ಪಕ್ಷ ಮತ್ತೆ ಮೈತ್ರಿಗೆ ಬಂದಾಗ, ಸಾಧ್ಯವಿರುವಲ್ಲೆಲ್ಲ ಮುಕ್ತ ತಂತ್ರಾಂಶಕ್ಕೆ ಆದ್ಯತೆ ಕೊಡಬೇಕೆಂಬ ಮಾತು ಮ್ಯೂನಿಕ್‌ನ ಆಡಳಿತ ಒಪ್ಪಂದದಲ್ಲಿ ಸೇರಿತು. 2024ರ ಏಪ್ರಿಲ್‌ನಲ್ಲಿ ಜರ್ಮನಿಯ ಉತ್ತರ ತುದಿಯ ಶ್ಲೆಸ್ವಿಗ್-ಹೋಲ್‌ಸ್ಟೈನ್ ರಾಜ್ಯ ತನ್ನ ಸುಮಾರು 30,000 ಕಂಪ್ಯೂಟರುಗಳಲ್ಲಿ ಓಪನ್ ಆಫೀಸ್‌ನಿಂದ ಕವಲೊಡೆದ ಲಿಬ್ರೆ ಆಫೀಸ್ ಬಳಸಲು ನಿರ್ಧರಿಸಿತು. ಆ ರಾಜ್ಯ ಕಡತಗಳನ್ನು ಮೊದಲು ಬಿಡಿಸಿಕೊಂಡು, ವಿಂಡೋಸನ್ನು ಬದಲಿಸುವ ಕೆಲಸವನ್ನು ಆಮೇಲಕ್ಕೆ ಇಟ್ಟುಕೊಂಡಿತು.